ಬೇಸ್‌ನಲ್ಲಿ ನಮ್ಮ ಹುಡುಗಿ

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಕೊಬ್ಬರಿ ಮಂಡಿಯ ಗೋಡೆಗೆ ಅಂಟಿಕೊಂಡಂತೆ ಒಂದು ಸಣ್ಣ ಮಳಿಗೆ ಇದೆ. ಬೋರ್ಡಿನಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನ್ ಎಂದು ದಪ್ಪ ಅಕ್ಷರದಲ್ಲಿ ಬರೆದು, ಗಿಟಾರ್ ಎಂಬುದನ್ನು ಕೆಳಗೆ ಉಳಿದ ಜಾಗದಲ್ಲಿ ಹೇಗೋ ತುರುಕಿದ್ದಾರೆ. ಬೆಳಿಗ್ಗೆ ಹೆಂಗಸರು ಮಿಕ್ಸಿ ಜಾರು ಹಿಡಿದು ಬರುತ್ತಾರೆ. ಮಧ್ಯಾಹ್ನ ಹಾಸನದ ಬಸ್ಸಿನಿಂದ ಉದ್ದನೆಯ ಕಪ್ಪು ಚೀಲ ಬೆನ್ನಿಗೇರಿಸಿಕೊಂಡ ಕಾಲೇಜಿನವರು ಇಳಿಯುತ್ತಾರೆ. ಮೊದಮೊದಲು ಮಂಡಿಯ ಹಮಾಲಿಗಳು ಚೀಲದಲ್ಲಿ ಕೋವಿ ಇದೆಯೇನೋ ಎಂದು ದೂರ ಸರಿದು ದಾರಿ ಬಿಡುತ್ತಿದ್ದರಂತೆ. ಈಗ ಕೇಳುವ ಮುಂಚೆಯೇ ಕೈ ತೋರಿಸುತ್ತಾರೆ, ಪ್ರೇಮಕ್ಕನ ಅಂಗಡಿ ಅಲ್ಲೈತೆ ಎಂದು.

ಈ ಪ್ರೇಮಕ್ಕ, ಅಂದರೆ ಅರಕಲಗೂಡಿನ ರೇಡಿಯೋ ರಿಪೇರಿ ಪರಮಶಿವಯ್ಯನವರ ಮಗಳು ಪ್ರೇಮಕುಮಾರಿ, ಊರಿನವರ ಕಣ್ಣಿಗೆ ಬಲು ಶಾಂತ ಹೆಂಗಸು. ಅವಳು ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಪಾಪ, ಊರಿನವರಿಗೇನು ಗೊತ್ತು. ನಲವತ್ತನಾಲ್ಕು ವರ್ಷದ ಈ ಹೆಂಗಸು ಹತ್ತೊಂಬತ್ತು ವರ್ಷದಿಂದ ಒಬ್ಬ ಮನುಷ್ಯನ ಮೇಲೆ ಹಲ್ಲು ಮಸೆಯುತ್ತಿದ್ದಾಳೆ. ಬೆಳಿಗ್ಗೆ ಎದ್ದು ಮುಖ ತೊಳೆಯುವಷ್ಟು ನಿಯಮವಾಗಿ, ದಿನಕ್ಕೊಮ್ಮೆ ತಪ್ಪದೆ. ಆ ಮನುಷ್ಯನ ಹೆಸರು ಅಮರನಾಥ. ಹಾಸನದಲ್ಲಿ ಅವನ ಹೆಸರಿನದೇ ಆರ್ಕೆಸ್ಟ್ರಾ ಇದೆ. ಅವನು ಅವಳಿಂದ ಕಿತ್ತುಕೊಂಡದ್ದೇನು ಎಂದು ಹೇಳಿದರೆ ಕೆಲವರು ನಕ್ಕುಬಿಟ್ಟಾರು. ಒಂದು ಹೆಸರು, ಅಷ್ಟೆ. ಮೈಕಿನಲ್ಲಿ ಒಂದು ಸಲ ಹೇಳಬೇಕಾಗಿದ್ದ ಐದಕ್ಷರದ ಹೆಸರು.

ಬೇಸ್ ಗಿಟಾರ್ ಎಂದರೆ ನಾಲ್ಕು ದಪ್ಪ ತಂತಿಯ, ಉದ್ದ ಕತ್ತಿನ, ಕೇಳುವವರ ಹೊಟ್ಟೆಯಲ್ಲಿ ಗುಂಯ್‌ಗುಡುವ ವಾದ್ಯ. ಆರ್ಕೆಸ್ಟ್ರಾದಲ್ಲಿ ಅದು ಇದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಅದು ನಿಂತಾಗ ಮಾತ್ರ ಏನೋ ಬರಿದಾಯಿತಲ್ಲ ಎಂದು ಎಲ್ಲರಿಗೂ ಅನ್ನಿಸುತ್ತದೆ. ಹೆಣ್ಣುಮಕ್ಕಳು ಮಾಡುವ ಎಷ್ಟೋ ಕೆಲಸಗಳು ಹೀಗೆಯೇ ಇವೆ, ಆ ಮಾತು ಬೇಡ.

ಪ್ರೇಮಕುಮಾರಿಗೆ ಹದಿನೆಂಟಾಗಿದ್ದಾಗ ಪರಮಶಿವಯ್ಯನವರು ಹಾಸನದ ಚರ್ಚೊಂದರ ಅಟ್ಟ ಖಾಲಿ ಮಾಡುವಾಗ ಸಿಕ್ಕಿದ ಮುರುಕು ಬೇಸ್ ಒಂದನ್ನು ತಂದು ಮೂಲೆಗೆ ನಿಲ್ಲಿಸಿದರು. ಕತ್ತು ಬಾಗಿತ್ತು, ನಾಲ್ಕು ಬಿರಡೆಯಲ್ಲಿ ಎರಡು ಇರಲಿಲ್ಲ, ತಂತಿಯ ಮಿಡಿತವನ್ನು ಕರೆಂಟಾಗಿ ಬದಲಿಸುವ ಪಿಕಪ್ ಇದ್ದ ಜಾಗದಲ್ಲಿ ತೂತಿತ್ತು. ಅಪ್ಪನಿಗೆ ಅದು ಬಿಡಿಭಾಗಗಳಿಗೆ ಆದೀತು ಎಂಬ ಆಸೆ. ಮಗಳಿಗೆ ಅದರ ಹುಚ್ಚು ಹತ್ತಿತು. ಮೈಸೂರಿನ ಅಂಗಡಿಯವನು ಬಿರಡೆ ಬಿಡಿಯಾಗಿ ಸಿಗಲ್ಲ, ಹೊಸ ಗಿಟಾರೇ ತಗೋ ಎಂದು ಮೂಗು ಮುರಿದ. ಚನ್ನರಾಯಪಟ್ಟಣದ ಬ್ಯಾಂಡ್ ಸೆಟ್‌ನವರ ಗುಜರಿ ರಾಶಿಯಲ್ಲಿ ತಲೆ ಮಾತ್ರ ಉಳಿದಿದ್ದ ಇನ್ನೊಂದು ಬೇಸ್ ಸಿಕ್ಕಿತು, ಎರಡು ಬಿರಡೆಯನ್ನು ಅದರಿಂದ ಬಿಚ್ಚಿಕೊಂಡಳು. ತಂತಿ ಕೂರುವ ಸ್ಯಾಡಲ್‌ಗಳನ್ನು ಹಳೆಯ ಹಿತ್ತಾಳೆ ನಲ್ಲಿಯನ್ನು ಕೊಯ್ದು ಅರದಿಂದ ಉಜ್ಜಿ ಮಾಡಿದಳು. ಅವುಗಳ ಹಿಂದಿನ ಸ್ಪ್ರಿಂಗು ಬಾಲ್‌ಪೆನ್ನಿನದು. ತಲೆಯ ಬಳಿ ತಂತಿ ಒರಗುವ ಪಟ್ಟಿ ಅಜ್ಜಿಯ ಕೊಂಬಿನ ಬಾಚಣಿಗೆಯದು. ಅಜ್ಜಿ ಒಂದು ವಾರ ಮಾತು ಬಿಟ್ಟಿತ್ತು.

ಪಿಕಪ್ಪಿನದೇ ದೊಡ್ಡ ಕಥೆ. ಅದಕ್ಕೆ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ ಬೇಕು. ಮೋಟಾರ್ ವೈಂಡಿಂಗ್‌ನವರ ತಂತಿ ಇದಕ್ಕೆ ಹಗ್ಗವಿದ್ದಂತೆ. ಕೊನೆಗೆ ಟೆಲಿಫೋನ್ ಕಚೇರಿಯವರು ಎಸೆದ ಹಳೇ ರಿಲೇಗಳನ್ನು ಬಿಚ್ಚಿ ತಂತಿ ಎಳೆದಳು. ಬೀರುವಿನ ಬಾಗಿಲು ಹಿಡಿಯುವ ಅಯಸ್ಕಾಂತದ ತುಂಡುಗಳನ್ನು ಕೂರಿಸಿದಳು. ತಾಯಿ ಬಸವಲಿಂಗಮ್ಮನ ಹೊಲಿಗೆ ಯಂತ್ರದ ಚಕ್ರಕ್ಕೆ ಅದನ್ನು ಸಿಕ್ಕಿಸಿ, ತಾಯಿ ತಿರುಗಿಸುತ್ತಾ ಸುತ್ತು ಎಣಿಸುತ್ತಾ, ಮಗಳು ಬೆರಳ ತುದಿಯಲ್ಲಿ ತಂತಿ ನಡೆಸುತ್ತಾ ಏಳು ಸಾವಿರ ಸುತ್ತು ಸುತ್ತಬೇಕಿತ್ತು. ನಾಲ್ಕು ಸಾವಿರದ ಆಸುಪಾಸಿನಲ್ಲಿ ಎರಡು ಸಲ ತುಂಡಾಯಿತು. ಮೂರನೆಯ ಸಲಕ್ಕೆ ಬಸವಲಿಂಗಮ್ಮ ಮನೆದೇವರಿಗೆ ಹರಕೆ ಕಟ್ಟಿಕೊಂಡೇ ಚಕ್ರ ಮುಟ್ಟಿದಳು. ಬೇಸಿನ ಹಳೆ ತಂತಿಗಳ ಜಿಡ್ಡು ಬಿಡಿಸಲು ಮಗಳು ಅವನ್ನು ಮುದ್ದೆ ಮಾಡುವ ಪಾತ್ರೆಯಲ್ಲಿ ಸೋಡಾ ಹಾಕಿ ಕುದಿಸಿದ್ದನ್ನು ಮಾತ್ರ ಆಕೆ ಇವತ್ತಿಗೂ ಕ್ಷಮಿಸಿಲ್ಲ.

ಅದು ಮೊದಲ ಸಲ ದನಿ ಬಿಟ್ಟ ದಿನ ಅಂಗಡಿಯ ಗಾಜಿನ ಕಪಾಟು ನಡುಗಿತು. ಪರಮಶಿವಯ್ಯನವರು ಸೋಲ್ಡರಿಂಗ್ ಐರನ್ ಕೆಳಗಿಟ್ಟು, ಬೇಸಿನ ಮುಚ್ಚಳದ ತಟ್ಟೆ ಬಿಚ್ಚಿಸಿ, ಒಳಗಿನ ಮರದ ಮೇಲೆ ಪೆನ್ಸಿಲ್ಲಿನಲ್ಲಿ ದುಂಡಗೆ ಬರೆದರು: ಪ್ರೇಮಕುಮಾರಿ, ಅರಕಲಗೂಡು, ೧೯೯೯. ರೇಡಿಯೋ ರಿಪೇರಿ ಮಾಡುವವರು ಹಾಗೆ ಒಳಗೆ ಹೆಸರು ಬರೆದಿಡುವುದುಂಟು, ಮುಂದೆ ಬಿಚ್ಚಿದವನಿಗೆ ಇದನ್ನು ಯಾರು ಮುಟ್ಟಿದ್ದರು ಎಂದು ತಿಳಿಯಲಿ ಎಂದು.

ಅದೇ ವರ್ಷ ಅಮರನಾಥ ಆರ್ಕೆಸ್ಟ್ರಾ ಕಟ್ಟಿದ. ಆಂಪ್ಲಿಫೈಯರ್ ರಿಪೇರಿಗೆ ಅರಕಲಗೂಡಿಗೆ ಬಂದವನು ಈ ಹುಡುಗಿ ಬಾರಿಸುವುದನ್ನು ಕೇಳಿ ಅಲ್ಲೇ ಕೂತುಬಿಟ್ಟ. ಆಗ ಅವನು ಸಣ್ಣಗಿದ್ದ, ನಯವಾಗಿದ್ದ, ಹಿರಿಯರನ್ನು ಕಂಡರೆ ಚಪ್ಪಲಿ ಬಿಟ್ಟು ಮಾತಾಡುತ್ತಿದ್ದ. ಮಗಳನ್ನು ಆರ್ಕೆಸ್ಟ್ರಾಕ್ಕೆ ಕಳಿಸಿ ಎಂದು ಕೇಳಿದ. ಪರಮಶಿವಯ್ಯನವರು ಮೂರು ದಿನ ಯೋಚಿಸಿ ಒಪ್ಪಿದರು, ಒಂದು ಮಾತಿನ ಮೇಲೆ. ಹೆಣ್ಣುಮಗಳ ಹೆಸರನ್ನು ಮೈಕಿನಲ್ಲಿ ಕೂಗಬಾರದು. ನಾಳೆ ಗಂಡು ನೋಡಲು ಬರುವವರು ಆರ್ಕೆಸ್ಟ್ರಾದವಳಂತೆ ಎಂದು ಆಡಿಕೊಳ್ಳಬಾರದು. ಮರ್ಯಾದಸ್ಥರು ಮಾಡುವ ತಪ್ಪು ಇಂಥದೇ. ಮಗಳು ತನ್ನ ಕೈಯಿಂದ ಸಂಪಾದಿಸಿದ್ದನ್ನು ಅಪ್ಪ ತನ್ನ ಕೈಯಾರೆ ಇನ್ನೊಬ್ಬನಿಗೆ ಎತ್ತಿಕೊಟ್ಟರು. ಮಗಳೂ ಆಗ ತಲೆಯಾಡಿಸಿದ್ದಳು.

ಆರ್ಕೆಸ್ಟ್ರಾದಲ್ಲಿ ಒಂದು ಪದ್ಧತಿಯಿದೆ. ಕಾರ್ಯಕ್ರಮದ ನಡುವೆ ನಾಯಕ ಮೈಕ್ ಹಿಡಿದು ವಾದ್ಯದವರನ್ನು ಒಬ್ಬೊಬ್ಬರಾಗಿ ಪರಿಚಯಿಸುತ್ತಾನೆ. ಅವನು ಹೆಸರು ಹೇಳಬೇಕು, ಹೇಳಿದ ಕೂಡಲೇ ಆ ವಾದ್ಯದವನು ಒಂದು ತುಣುಕು ಬಾರಿಸಬೇಕು, ಜನ ಚಪ್ಪಾಳೆ ತಟ್ಟಬೇಕು. ಕೀಬೋರ್ಡಿನವನ ಹೆಸರು ಬರುತ್ತಿತ್ತು, ಡ್ರಮ್ಮಿನವನ ಹೆಸರು ಬರುತ್ತಿತ್ತು, ತಬಲಾದವನಿಗಂತೂ ಊರು, ಗುರುವಿನ ಹೆಸರು ಎಲ್ಲ ಸೇರಿ ಬರುತ್ತಿತ್ತು. ಕೊನೆಗೆ ಅಮರನಾಥ ಹಿಂದಕ್ಕೆ ಕೈ ಬೀಸಿ, ಬೇಸ್‌ನಲ್ಲಿ ನಮ್ಮ ಹುಡುಗಿ, ಎನ್ನುತ್ತಿದ್ದ. ಅವಳು ಬಾರಿಸುವಷ್ಟರಲ್ಲಿ ಮುಂದಿನ ಹಾಡು ಶುರುವಾಗಿರುತ್ತಿತ್ತು. ಆರು ವರ್ಷ ಹೀಗೇ ನಡೆಯಿತು. ಆರ್ಕೆಸ್ಟ್ರಾದ ಶುರುವಿಗೆ ಬಾರಿಸುವ ನಾಲ್ಕು ನಿಮಿಷದ ಒಂದು ವಾದ್ಯಸಂಗೀತವಿತ್ತು, ಜನ ಅದನ್ನು ಕೇಳಲೆಂದೇ ಬೇಗ ಬಂದು ಕೂರುತ್ತಿದ್ದರು. ಅದರ ಜೀವವೇ ಬೇಸ್. ಕೆಳಗಿನ ಸ್ವರದಿಂದ ಮೆಟ್ಟಿಲು ಹತ್ತಿದಂತೆ ಹತ್ತಿ ಮೇಲೆ ಹೋಗಿ ಕುಣಿಯುತ್ತಿತ್ತು. ಅದನ್ನು ಕಟ್ಟಿದವಳೂ ಅವಳೇ.

ಕೊನೆಗೆ ಪರಮಶಿವಯ್ಯನವರ ಮನಸ್ಸೇ ಕರಗಿತು. ಚನ್ನರಾಯಪಟ್ಟಣದ ಲಾಯರೊಬ್ಬರ ಮಗಳ ಆರತಕ್ಷತೆಗೆ ಅವರೂ ಬಂದರು. ಮಗಳು ಬಾರಿಸುವುದನ್ನು ಅವರು ವೇದಿಕೆಯ ಮೇಲೆ ನೋಡಿದ್ದು ಅದೊಂದೇ ಸಲ. ಬೆಳಿಗ್ಗೆಯೇ ಅಮರನಾಥನನ್ನು ಪಕ್ಕಕ್ಕೆ ಕರೆದು, ಹಳೆಯ ಮಾತು ಬಿಟ್ಟುಬಿಡಪ್ಪ, ಇವತ್ತು ಮಗಳ ಹೆಸರು ಹೇಳಿಬಿಡು ಎಂದು ಕೇಳಿಕೊಂಡಿದ್ದರು. ಅವನು ಅವರ ಕೈ ಹಿಡಿದು ಆಗಲಿ ಎಂದಿದ್ದ. ಸಂಜೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎರಡನೆಯ ಸಾಲಿನಲ್ಲಿ ಕೂತರು. ಪರಿಚಯ ಶುರುವಾಯಿತು. ಎಲ್ಲರದೂ ಮುಗಿಯಿತು. ಅಮರನಾಥ ಹಿಂದೆ ತಿರುಗಿ ಅವಳ ಹತ್ತಿರ ಬಂದ. ಅವಳು ತಂತಿಯ ಮೇಲೆ ಬೆರಳಿಟ್ಟು ಸಿದ್ಧಳಾದಳು.

"ಬೇಸ್‌ನಲ್ಲಿ ನಮ್ಮ ಹುಡುಗಿ" ಎಂದ. ಆಮೇಲೆ ಅವಳ ಹೆಗಲಿನಲ್ಲಿದ್ದ ಬೇಸಿನ ಕತ್ತು ಹಿಡಿದು ಜನರ ಕಡೆ ತಿರುಗಿಸಿದ. "ಈ ಬೇಸ್ ಗಿಟಾರ್ ಯಾವ ಅಂಗಡಿಯಲ್ಲೂ ಸಿಗಲ್ಲ. ಒಂದೊಂದು ಭಾಗ ಹುಡುಕಿ ನಾನೇ ಕೈಯಾರೆ ಮಾಡಿದ್ದು."

ಮಂಟಪವೆಲ್ಲ ಚಪ್ಪಾಳೆ ತಟ್ಟಿತು. ಪರಮಶಿವಯ್ಯನವರು ಅತ್ತಿತ್ತ ನೋಡಿದರು. ಆಮೇಲೆ ಅಕ್ಕಪಕ್ಕದವರು ತಟ್ಟುತ್ತಿದ್ದಾರಲ್ಲ ಎಂದು, ಎದ್ದು ಜಗಳ ಮಾಡಲು ಬಾರದ ಆ ಮನುಷ್ಯ ತಾನೂ ಎರಡು ಸಲ ಚಪ್ಪಾಳೆ ತಟ್ಟಿದರು. ಪ್ರೇಮಕುಮಾರಿ ಅದನ್ನು ನೋಡಿದಳು. ಉಳಿದಿದ್ದೆಲ್ಲವನ್ನೂ ಅವಳು ಎಂದಾದರೂ ಮರೆಯುತ್ತಿದ್ದಳೋ ಏನೋ, ಆ ಎರಡು ಚಪ್ಪಾಳೆಯನ್ನು ಮರೆಯುವುದು ಆಗಲಿಲ್ಲ.

ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ ಅಪ್ಪ ಒಂದೇ ಮಾತಾಡಿದ್ದು. "ಬುಡು ಮಗ. ಎಸ್ರು ಬ್ಯಾಡ ಅಂದೋನು ನಾನೇ ಅಲ್ವಾ. ನಂದೇ ತೆಪ್ಪು ಕಣವ್ವ." ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಅಮರನಾಥನ ಪಾಪವನ್ನು ಅಪ್ಪ ತನ್ನದೆಂದು ಹೊತ್ತುಕೊಂಡು ಹೋದರಲ್ಲ ಎಂಬುದೇ ಪ್ರೇಮಕುಮಾರಿಯ ಹೊಟ್ಟೆಯ ಕಿಚ್ಚು.

ಆ ಆರತಕ್ಷತೆ ನಡೆದ ವರ್ಷವೇ ಅವಳಿಗೆ ಹೊಳೆನರಸೀಪುರದ ಕೊಬ್ಬರಿ ಮಂಡಿಯವರ ಮನೆಗೆ ಮದುವೆಯಾಯಿತು. ಬೇಸ್ ಆರ್ಕೆಸ್ಟ್ರಾದ ವ್ಯಾನಿನಲ್ಲೇ ಉಳಿದಿತ್ತು. ಕೇಳಿ ಕಳಿಸಿದ್ದಕ್ಕೆ, ಗಂಡನ ಮನೆಯಲ್ಲಿ ಅದನ್ನಿಟ್ಟುಕೊಂಡು ಏನು ಮಾಡ್ತೀಯಮ್ಮ, ನನ್ನ ಹತ್ತಿರ ಜೋಪಾನವಾಗಿರುತ್ತೆ, ಎಂಬ ಉತ್ತರ ಬಂತು. ಮುಂದಿನ ವರ್ಷದ ಪೋಸ್ಟರುಗಳಲ್ಲಿ ಅಮರನಾಥ ಅದನ್ನು ಎದೆಗವಚಿಕೊಂಡು ಹಲ್ಲು ಕಿರಿಯುತ್ತಿದ್ದ.

ಗಂಡ ಒಳ್ಳೆಯವನು. ಹೆಂಡತಿ ಮನೆಯ ಮಿಕ್ಸಿ ಬಿಚ್ಚಿ ಜೋಡಿಸುವುದನ್ನು ನೋಡಿ ಮಂಡಿಯ ಪಕ್ಕದ ಮಳಿಗೆ ಬಿಟ್ಟುಕೊಟ್ಟ. ಹಾಸನದ ಕಾಲೇಜುಗಳಲ್ಲಿ ಬ್ಯಾಂಡುಗಳು ಹುಟ್ಟಿಕೊಂಡಂತೆ ಗಿಟಾರುಗಳೂ ಬಂದವು. ಬೇಸ್ ಹೊಂದಿಸುವುದಕ್ಕೆ ಅವಳದೊಂದು ಕ್ರಮವಿದೆ. ಮೊದ್ಲು ಕತ್ತು, ಆಮೇಲೆ ಎತ್ರ, ಕೊನೇಗೆ ಸ್ವರ, ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಮಳೆಗಾಲ, ಬೇಸಿಗೆ ಬದಲಾದಂತೆ ಮರದ ಕತ್ತು ಬಾಗುತ್ತದೆ, ಒಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತು ತಿರುಗಿಸಿ ಅದನ್ನು ನೆಟ್ಟಗೆ ಮಾಡಬೇಕು. ತಂತಿ ಎಷ್ಟು ಎತ್ತರದಲ್ಲಿರಬೇಕೆಂದು ಬ್ಲೇಡಿನ ತುಂಡುಗಳನ್ನು ಒಂದರ ಮೇಲೊಂದಿಟ್ಟು ಅಳೆಯುತ್ತಾಳೆ. ಸ್ವರದ ಕೆಲಸ ಎಲ್ಲಕ್ಕಿಂತ ನಾಜೂಕು. ಬೆರಳಿಡದ ಖಾಲಿ ತಂತಿ ಸರಿಯಾಗಿ ನುಡಿದರೂ ಕತ್ತಿನ ಮೇಲಿನ ಅಡ್ಡಪಟ್ಟಿಗಳ ಮೇಲೆ ಒತ್ತುತ್ತಾ ಮೇಲಕ್ಕೆ ಹೋದಂತೆ ಸ್ವರ ಕೈಕೊಡಬಹುದು. ಆಗ ಬುಡದಲ್ಲಿರುವ ಸ್ಯಾಡಲ್ಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಸರಿಮಾಡಬೇಕು. ವಾಲ್ಯೂಮ್ ತಿರುಪು ಬೇಕೆಂದರೆ ಬೆಂಗಳೂರಿನಿಂದ ಬರಬೇಕು, ತಂತಿ ಮೈಸೂರಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರಬೇಕು. ಬಾರದ್ದನ್ನು ಅವಳೇ ಉಜ್ಜಿ ಮಾಡುತ್ತಾಳೆ. ಕೆಲಸ ಮುಗಿದ ಪ್ರತಿ ಗಿಟಾರಿನ ಒಳಗೂ ಪೆನ್ಸಿಲ್ಲಿನಲ್ಲಿ ತನ್ನ ಹೆಸರು ಬರೆಯುತ್ತಾಳೆ.

ಹೋದ ಫೆಬ್ರವರಿಯಲ್ಲಿ ರಜನೀಶ್ ಎಂಬಾತ ಒಂದು ಚೀಲ ತಂದ. ಅಮರನಾಥನ ಆರ್ಕೆಸ್ಟ್ರಾದಲ್ಲಿ ಮಿಕ್ಸರ್ ಎದುರು ಕೂತು ಸೌಂಡ್ ನೋಡಿಕೊಳ್ಳುವವನು, ಕೇಬಲ್ಲು ಸ್ಪೀಕರು ಎಂದು ಮೊದಲೂ ಒಂದೆರಡು ಸಲ ಬಂದಿದ್ದ. ಚೀಲದ ಜಿಪ್ಪು ಎಳೆಯುವ ಮುಂಚೆಯೇ ಅದರ ಭಾರ ಅವಳಿಗೆ ಗುರುತು ಸಿಕ್ಕಿತು. ಆರ್ಕೆಸ್ಟ್ರಾಕ್ಕೆ ಇಪ್ಪತ್ತೈದು ತುಂಬುತ್ತದೆ, ಹಾಸನದಲ್ಲಿ ಭಾನುವಾರ ಬೆಳಿಗ್ಗೆ ದೊಡ್ಡ ಸಮಾರಂಭ, ಶುರುವಿನ ಸಂಗೀತವನ್ನು ಸಾರ್ ತಾವೇ ಬೇಸಿನಲ್ಲಿ ಬಾರಿಸುತ್ತಾರೆ, ಇದು ಕರಕರ ಅನ್ನುತ್ತಿದೆ, ಎಂದು ಅವನು ವಿವರಿಸಿದ.

"ಯಾರತ್ರ ತಂದಿದೀಯ ಅಂತ ನಿಮ್ ಸಾರ್‌ಗೆ ಗೊತ್ತಾ?" ಎಂದು ಪ್ರೇಮಕುಮಾರಿ ಕೇಳಿದಳು.

"ಅವ್ರೇ ಕಳ್ಸಿದ್ದು ಅಕ್ಕ. ನಮ್ ಹುಡುಗಿನೇ, ಚೆನ್ನಾಗ್ ಮಾಡ್ಕೊಡ್ತಾಳೆ ಅಂದ್ರು."

ನಾಚಿಕೆ ಎಂಬುದು ಕೆಲವರ ಮನೆಯ ಬೀದಿಯಲ್ಲೂ ಹಾಯುವುದಿಲ್ಲ. ಅವಳು ಚೀಲ ಒಳಗಿಟ್ಟಳು. ರಜನೀಶ್ ಹೋದ ಮೇಲೆ ತಟ್ಟೆಯ ತಿರುಪುಗಳನ್ನು ಬಿಚ್ಚಿದಳು. ತಾಯಿ ಎಣಿಸಿದ ಏಳು ಸಾವಿರ ಸುತ್ತು ಹಾಗೇ ಇತ್ತು. ನಲ್ಲಿಯ ಹಿತ್ತಾಳೆ ಕಪ್ಪಾಗಿತ್ತು. ಒಳಗಿನ ಮರದ ಮೇಲೆ ಅಪ್ಪನ ಅಕ್ಷರವಿದ್ದ ಕಡೆ ಬರೀ ಗೀರುಗಳಿದ್ದವು. ಬ್ಲೇಡಿನಿಂದ ಹೆರೆದಿದ್ದ. ಸುಮ್ಮನೆ ಅಲ್ಲ, ಕುಳಿ ಬೀಳುವಷ್ಟು ಆಳಕ್ಕೆ ಹೆರೆದಿದ್ದ. ಅದರ ಕೆಳಗೆ ಮಾರ್ಕರ್ ಪೆನ್ನಿನಲ್ಲಿ ಅವನ ಹೆಸರು, ಅವನ ಸಹಿ.

ಪ್ರೇಮಕುಮಾರಿಗೆ ಅಳು ಬರಲಿಲ್ಲ. ಗೀರುಗಳ ಮೇಲೆ ಬೆರಳಾಡಿಸಿದಳು, ಅಷ್ಟೆ. ಹೆಸರು ಹೇಳದಿದ್ದದ್ದು ಮರೆವು ಎಂದುಕೊಳ್ಳಬಹುದಿತ್ತು, ಚನ್ನರಾಯಪಟ್ಟಣದ ಮಾತು ಬಾಯಿಚಪಲ ಎಂದುಕೊಳ್ಳಬಹುದಿತ್ತು. ಕೂತು ಹೆರೆದವನಿಗೆ ಮಾತ್ರ ಯಾವ ನೆಪವೂ ಉಳಿಯುವುದಿಲ್ಲ. ಅಪ್ಪನ ಕೈಬರಹ ಎಂದು ಅವಳಿಗೆ ಉಳಿದಿದ್ದದ್ದೂ ಅದೊಂದೇ. ಇವನನ್ನು ಇನ್ನು ಬಿಡಬಾರದು ಎಂದು ಆ ಗಳಿಗೆಯಲ್ಲಿ ತೀರ್ಮಾನಿಸಿದಳು.

ಎರಡು ದಿನ ಕೂತು ಮೊದಲು ಎಲ್ಲವನ್ನೂ ಸರಿಯಾಗಿ ಮಾಡಿದಳು. ಕೆಟ್ಟ ಕೆಲಸ ಮಾಡುವುದಕ್ಕೂ ಒಳ್ಳೆಯ ಕೆಲಸ ಗೊತ್ತಿರಬೇಕಲ್ಲ. ಕತ್ತು ನೆಟ್ಟಗಾಯಿತು, ಕರಕರ ನಿಂತಿತು, ಹೊಸ ತಂತಿ ಕೂತಿತು. ಶುರುವಿನ ಸಂಗೀತವನ್ನು ಒಮ್ಮೆ ಬಾರಿಸಿದಳು. ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕೇಳಿದರು. ಆಮೇಲೆ ಅವಳು ಸ್ಟಾರ್ ಸ್ಕ್ರೂಡ್ರೈವರ್ ಎತ್ತಿಕೊಂಡು, ಎರಡು ಸ್ಯಾಡಲ್ಲನ್ನು ತುದಿಯವರೆಗೆ ಮುಂದಕ್ಕೂ ಎರಡನ್ನು ತುದಿಯವರೆಗೆ ಹಿಂದಕ್ಕೂ ಸರಿಸಿಬಿಟ್ಟಳು. ಖಾಲಿ ತಂತಿಗಳನ್ನು ಮತ್ತೆ ಸರಿಯಾಗಿ ಬಿಗಿದಳು. ಈಗ ಕೆಳಗೆ ಬಾರಿಸುವಷ್ಟು ಹೊತ್ತು ಬೇಸ್ ಸಾಧು ಹಸುವಿನಂತಿರುತ್ತದೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ನಾಲ್ಕು ತಂತಿ ನಾಲ್ಕು ದಾರಿ ಹಿಡಿಯುತ್ತವೆ. ಒಯ್ಯಲು ಬಂದ ರಜನೀಶ್ ಮೊಬೈಲಿನಲ್ಲಿ ಸ್ವರ ಅಳೆಯುವ ಆ್ಯಪ್ ಹಿಡಿದು ಖಾಲಿ ತಂತಿಗಳನ್ನು ಪರೀಕ್ಷಿಸಿದ. ನಾಲ್ಕಕ್ಕೂ ಹಸಿರು ದೀಪ ಬಂತು. ಸೂಪರ್ ಅಕ್ಕ ಎಂದು ಖುಷಿಯಾಗಿ ಹೋದ.

ಭಾನುವಾರ ಹಾಸನಕ್ಕೆ ಹೊರಟಾಗ, ಈಗ ಮಗಳ ಮನೆಯಲ್ಲೇ ಇರುವ ಬಸವಲಿಂಗಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು. ಮಗಳು ಮಾಡಿಟ್ಟ ಕಿತಾಪತಿ ಆಕೆಗೆ ಗೊತ್ತಿರಲಿಲ್ಲ. ಅಮರನಾಥನ ಹೆಸರು ತೆಗೆದರೆ ನೆಲಕ್ಕೆ ಉಗಿಯುತ್ತಿದ್ದ ಮಗಳು ರೇಷ್ಮೆ ಸೀರೆ ಉಟ್ಟು ಅವನ ಸಮಾರಂಭಕ್ಕೆ ಹೊರಟಿದ್ದು ಆಕೆಗೆ ಸೋಜಿಗವಾಗಿತ್ತು. ಕಲ್ಯಾಣ ಮಂಟಪದ ಬಾಗಿಲಲ್ಲಿ ಅಮರನಾಥನ ಆಳೆತ್ತರದ ಕಟೌಟು ನಿಂತಿತ್ತು, ಕೈಯಲ್ಲಿ ಅದೇ ಬೇಸ್, ಕೆಳಗೆ ತಾವೇ ತಯಾರಿಸಿದ ಬೇಸ್ ಗಿಟಾರಿನೊಂದಿಗೆ ಎಂಬ ಸಾಲು. ತಾಯಿ ಮಗಳು ಹಿಂದಿನ ಸಾಲಿನಲ್ಲಿ, ರಜನೀಶನ ಮಿಕ್ಸರ್ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತರು. ಅಲ್ಲಿಂದ ಇಡೀ ಜನಸಂದಣಿಯ ತಲೆ ಕಾಣುತ್ತಿತ್ತು. ಒಂದೊಂದು ತಲೆಯೂ ಅವನ ಕಡೆ ನೋಡಿ ನಗಬೇಕು ಎಂಬುದು ಅವಳ ಆಸೆ.

ಹಾರ, ಶಾಲು, ಭಾಷಣ ಎಲ್ಲ ಮುಗಿದು ಅಮರನಾಥ ಬೇಸ್ ಹೆಗಲಿಗೇರಿಸಿದ. ಈಗ ಅವನ ಹೊಟ್ಟೆಯ ಮೇಲೆ ಅದು ಮಲಗಿದಂತೆ ಕೂರುತ್ತಿತ್ತು. ಸಂಗೀತ ಶುರುವಾಯಿತು. ಕೆಳಗಿನ ಸ್ವರಗಳು ಸರಿಯಾಗಿ ಬಂದವು, ಅದು ಅವಳಿಗೆ ಗೊತ್ತಿದ್ದದ್ದೇ. ಮೆಟ್ಟಿಲು ಹತ್ತತೊಡಗಿತು.  ಐದನೆಯ ಪಟ್ಟಿ, ಏಳನೆಯ ಪಟ್ಟಿ, ಈಗ ಬಂತು, ಈಗ.

ಸ್ವರ ಕೆಡಲಿಲ್ಲ. ಅವನ ಬೆರಳುಗಳು ಮೇಲಕ್ಕೆ ಹೋದವು, ಬೇಸ್ ತುಂಬಿದ ದನಿಯಲ್ಲಿ ಅಚ್ಚುಕಟ್ಟಾಗಿ ಮೇಲಕ್ಕೆ ಹೋಯಿತು. ಸ್ಯಾಡಲ್ಲು ಸರಿಸಿದ್ದು ಕನಸೇನೋ ಎಂದು ಅವಳಿಗೆ ಅನ್ನಿಸಿತು. ಯಾರಾದರೂ ನೋಡಿ ಸರಿಪಡಿಸಿದರೋ? ಈ ಮೂರು ತಾಲ್ಲೂಕಿನಲ್ಲಿ ಅದನ್ನು ಸರಿಪಡಿಸಬಲ್ಲವಳು ಅವಳೊಬ್ಬಳೇ. ಪಕ್ಕದಲ್ಲಿ ಬಸವಲಿಂಗಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಒಂದು ಕಡೆ ಬೇಸ್ ಮೇಲಿನ ಸ್ವರಕ್ಕೆ ನೇರವಾಗಿ ನೆಗೆಯದೆ ಕೆಳಗಿಂದ ಜಾರಿಕೊಂಡು ಹೋಗಿ ಹಿಡಿಯಿತು. ತಾಯಿ ಕಣ್ಣು ತೆರೆದಳು.

"ಇದು ನೀನು ಕಣೆ" ಎಂದಳು. "ನಮ್ಮನೇಲಿ ವರ್ಸಾನುಗಟ್ಲೆ ಕೇಳಿವ್ನಿ. ಅಲ್ಲಿ ಅಂಗೆ ಜಾರ್ಸೋಳು ನೀನೊಬ್ಳೇಯ."

ಹೌದು. ಆ ಜಾರಿಕೆ ಅವಳ ಕಿರುಬೆರಳು ಗಿಡ್ಡವೆಂದು ಬಂದದ್ದು, ಬೇರೆ ಯಾರಿಗೂ ಅದರ ಅಗತ್ಯವಿಲ್ಲ. ಮದುವೆಯ ಹಿಂದಿನ ವರ್ಷ ಆರ್ಕೆಸ್ಟ್ರಾದವರೆಲ್ಲ ಹಾಸನದ ಒಂದು ಸ್ಟುಡಿಯೋದಲ್ಲಿ ಈ ಸಂಗೀತವನ್ನು ಕಂಪ್ಯೂಟರಿಗೆ ಬಾರಿಸಿಕೊಟ್ಟಿದ್ದರು, ಒಬ್ಬೊಬ್ಬರ ವಾದ್ಯವನ್ನೂ ಬೇರೆ ಬೇರೆಯಾಗಿ. ಸಿ.ಡಿ. ಹೊರಬರಲೇ ಇಲ್ಲ, ಅವಳು ಮರೆತೂ ಬಿಟ್ಟಿದ್ದಳು. ಅವಳ ಪಾಲಿನ ಬೇಸನ್ನು ಅವನು ಮರೆತಿರಲಿಲ್ಲ. ಇವತ್ತು ಸ್ಪೀಕರಿನಲ್ಲಿ ಬರುತ್ತಿದ್ದದ್ದು ಇಪ್ಪತ್ತನಾಲ್ಕು ವರ್ಷದ ಪ್ರೇಮಕುಮಾರಿಯ ಕೈ. ಅಮರನಾಥ ಅದರ ಮೇಲೆ ಬೆರಳಾಡಿಸುತ್ತಾ ತಲೆ ಕುಣಿಸುತ್ತಿದ್ದ, ಜನ ಅವನಿಗೆ ಶಿಳ್ಳೆ ಹಾಕುತ್ತಿದ್ದರು.

ಬೇಸ್ ಹೋಯಿತು, ಅಪ್ಪನ ಅಕ್ಷರ ಹೋಯಿತು, ಈಗ ಕೈಯೂ ಅವನದಾಯಿತು. ಅವಳು ಎದ್ದು ನಾಲ್ಕು ಹೆಜ್ಜೆಯಲ್ಲಿ ಮಿಕ್ಸರ್ ಮೇಜಿನ ಹತ್ತಿರ ಹೋದಳು. ರಜನೀಶ್ ಮೆಲ್ಲಗೆ ಸಮಜಾಯಿಷಿ ಕೊಡತೊಡಗಿದ. ಸಾರ್ ಕೈ ಈಗ ಓಡಲ್ಲ, ಜೋರಿನ ಹಾಡಿಗೆಲ್ಲ ಲ್ಯಾಪ್‌ಟಾಪಿನಿಂದ ಮೊದಲೇ ಮುದ್ರಿಸಿಟ್ಟ ಟ್ರ್ಯಾಕ್ ಹಾಕುವುದು ಮಾಮೂಲು, ಬೇಸಿನ ಕೇಬಲ್ಲು ಇಲ್ಲಿಗೆ ಬರುತ್ತದೆ ಆದರೆ ಗುಂಡಿ ಕೆಳಗಿಟ್ಟು ದನಿ ಮುಚ್ಚಿರುತ್ತೇವೆ, ನಿಧಾನದ ಹಾಡಿಗೆ ಮಾತ್ರ ಏರಿಸುತ್ತೇವೆ. ಮೇಜಿನ ಮೇಲೆ ಸಾಲಾಗಿ ಜಾರುಗುಂಡಿಗಳಿದ್ದವು, ಪ್ರತಿಯೊಂದರ ಕೆಳಗೂ ಬಿಳಿ ಟೇಪಿನಲ್ಲಿ ಬರೆದಿತ್ತು. ಒಂದರ ಕೆಳಗೆ ಟ್ರ್ಯಾಕ್, ಪಕ್ಕದ್ದರ ಕೆಳಗೆ ಬೇಸ್. ಅವನು ಕೈ ಅಡ್ಡ ತರುವಷ್ಟರಲ್ಲಿ ಅವಳು ಮೊದಲನೆಯದನ್ನು ಕೆಳಕ್ಕೆಳೆದು ಎರಡನೆಯದನ್ನು ಮೇಲಕ್ಕೆ ತಳ್ಳಿದಳು.

ಆಗ ಬಂತು. ಸ್ಪೀಕರಿನಿಂದ ಹೊರಬಿದ್ದದ್ದನ್ನು ಸಂಗೀತ ಎನ್ನಲು ಯಾರಿಗೂ ಧೈರ್ಯ ಸಾಲದು. ಕೀಬೋರ್ಡು ಒಂದು ಊರಿನಲ್ಲಿದ್ದರೆ ಬೇಸ್ ಇನ್ನೊಂದು ಊರಿನಲ್ಲಿತ್ತು. ಅರ್ಧ ಅಪಸ್ವರ ಅವಳ ಸ್ಯಾಡಲ್ಲಿನದು, ಅರ್ಧ ಅವನ ಬೆರಳಿನದೇ. ಇಷ್ಟು ಕೆಟ್ಟದಾಗಿ ಬಾರಿಸುತ್ತಾನೆಂದು ಗೊತ್ತಿದ್ದರೆ ಸ್ಕ್ರೂಡ್ರೈವರ್ ಮುಟ್ಟುವ ಕಷ್ಟ ಯಾಕೆ ಬೇಕಿತ್ತು ಎಂದು ಅವಳಿಗೆ ಅನ್ನಿಸಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಿಂದಿನವರೆಗೂ ಹರಡಿತು. ಕೀಬೋರ್ಡಿನವನು ಕೈ ತೆಗೆದ, ಡ್ರಮ್ಮಿನವನು ನಿಲ್ಲಿಸಿದ. ಎಲ್ಲ ನಿಂತ ಮೇಲೂ ಅಮರನಾಥನ ಬೆರಳುಗಳು ಇನ್ನೂ ಎರಡು ತಪ್ಪು ಸ್ವರ ಒತ್ತಿದವು.

ಅವನು ತಲೆಯೆತ್ತಿ ಜನರ ತಲೆಗಳ ಮೇಲಿಂದ ಮಿಕ್ಸರ್ ಕಡೆ ನೋಡಿದ. ಅಲ್ಲಿ ನಿಂತಿದ್ದ ಅವಳು ಅವನ ಕಣ್ಣಿಗೆ ಬಿದ್ದಳು. ಕ್ಷಣ ಹೊತ್ತು ಅವನ ಮುಖ ಪೂರಾ ಇಳಿದುಹೋಯಿತು, ಅವಳು ಹತ್ತೊಂಬತ್ತು ವರ್ಷ ಕಾದದ್ದು ಆ ಮುಖಕ್ಕೇ. ಆದರೆ ಮಾತಿನ ಮಲ್ಲ ಅವನು. ಮೈಕ್ ಸ್ಟ್ಯಾಂಡಿನಿಂದ ಮೈಕ್ ಕಿತ್ತುಕೊಂಡ.

"ಕ್ಷಮಿಸಬೇಕು, ತಪ್ಪು ನನ್ನದಲ್ಲ. ಮೊನ್ನೆ ಈ ಬೇಸನ್ನು ರಿಪೇರಿಗೆ ಕೊಟ್ಟಿದ್ದೆ, ಕೆಡಿಸಿ ಕಳಿಸಿದ್ದಾರೆ. ಯಾರು ಅಂತ ಎಲ್ಲರಿಗೂ ಗೊತ್ತಾಗಲಿ, ನಾಳೆ ನೀವೂ ಹೋಗಿ ಮೋಸ ಹೋಗಬೇಡಿ." ಅವನು ಕೈ ಚಾಚಿ ಹಿಂದಿನ ಸಾಲಿನ ಕಡೆ ತೋರಿಸಿದ. "ಅಲ್ಲಿ ನಿಂತಿದ್ದಾರಲ್ಲ, ಅವರೇ. ಹೊಳೆನರಸೀಪುರದ ಪ್ರೇಮಕುಮಾರಿ."

ಮಂಟಪದ ಎರಡೂ ಬದಿಯ ದೊಡ್ಡ ಸ್ಪೀಕರುಗಳಿಂದ ಐದಕ್ಷರವೂ ಬಿಡಿಬಿಡಿಯಾಗಿ ಬಂತು. ಜನರೆಲ್ಲ ತಿರುಗಿ ನೋಡಿದರು. ಅವಳ ಅಂಗಡಿ, ಅವಳು ಇಷ್ಟು ವರ್ಷ ದುಡಿದು ಗಳಿಸಿದ ಒಳ್ಳೆಯ ಮಾತು ಎಲ್ಲ ಆ ಒಂದು ಉಸಿರಿನಲ್ಲಿ ಹೋಯಿತು ಎಂಬುದು ಅವಳಿಗೆ ತಿಳಿಯಿತು. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಕೆಡಿಸಿದ್ದು ಅವಳೇ. ರಜನೀಶ್ ಬೆವರುತ್ತಾ, ಹೊರಡಕ್ಕ, ಹೊರಡು ಎಂದು ಪಿಸುಗುಟ್ಟುತ್ತಿದ್ದ.

ಅವಳು ಹೊರಡಲಿಲ್ಲ. ಆರು ವರ್ಷ ವೇದಿಕೆಯ ಹಿಂದೆ ನಿಂತು ಕಲಿತ ಪದ್ಧತಿ ಒಂದೇ, ಹೆಸರು ಹೇಳಿದ ಕೂಡಲೇ ಬಾರಿಸಬೇಕು. ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ಇನ್ನೂ ಓಡುತ್ತಲೇ ಇತ್ತು. ಅವಳು ಬೇಸಿನ ಗುಂಡಿಯನ್ನು ಕೆಳಗಿಳಿಸಿ, ಟ್ರ್ಯಾಕಿನ ಗುಂಡಿಗೆ ಬೆರಳಿಟ್ಟು ಮೇಲಕ್ಕೆ ಸರಿಸಿದಳು.

ಡ್ರಮ್ಮಿಲ್ಲ, ಕೀಬೋರ್ಡಿಲ್ಲ, ಬರೀ ಬೇಸ್. ಮೆಟ್ಟಿಲು ಹತ್ತಿ ಮೇಲೆ ಹೋಗಿ ಕುಣಿಯುತ್ತಿತ್ತು. ವೇದಿಕೆಯ ಮೇಲೆ ಅಮರನಾಥನ ಒಂದು ಕೈಯಲ್ಲಿ ಮೈಕ್ ಇತ್ತು, ಇನ್ನೊಂದು ಕೈ ಇನ್ನೂ ಅವಳ ಕಡೆ ಚಾಚಿಕೊಂಡಿತ್ತು, ಬೇಸ್ ಹೊಟ್ಟೆಯ ಮೇಲೆ ಸುಮ್ಮನೆ ನೇತಾಡುತ್ತಿತ್ತು. ಜನ ಅವನ ಕೈ ನೋಡಿದರು, ಬೇಸ್ ನೋಡಿದರು, ಮತ್ತೆ ತಿರುಗಿ ಅವಳನ್ನು ನೋಡಿದರು. ಅವನು ಗಾಬರಿಯಲ್ಲಿ ಮೈಕ್ ಕೈಬಿಟ್ಟು ನಾಲ್ಕೂ ತಂತಿಗಳನ್ನು ಎರಡೂ ಅಂಗೈಯಿಂದ ಅದುಮಿ ಹಿಡಿದ. ಸಂಗೀತ ನಿಲ್ಲಲಿಲ್ಲ. ಪ್ರೇಮಕುಮಾರಿ ಗುಂಡಿಯನ್ನು ತುದಿಯವರೆಗೂ ಏರಿಸಿದಳು.